ಚಿನ್ನದೂರಿನ ಶಾಸಕ ಎದ್ದು ನಿಂತಾಗ

ಕೋಲಾರದ ಚಿನ್ನದ ಗಣಿಯ ಶಾಸಕ ವಿಧಾನಸೌಧದಲ್ಲಿ ಎದ್ದು ನಿಂತರೆ ಗಣಿ ಕೇಂದ್ರದ್ದು ಎಂಬ ಉತ್ತರ ಕಾದಿರುತ್ತದೆ. ಅದೇ ಜಿಲ್ಲೆಯ ಸಂಸದ ದಿಲ್ಲಿಯಲ್ಲಿ ಬಾಯಿ ತೆರೆದರೆ ನೆಲ ರಾಜ್ಯದ್ದು ಎಂಬ ಉತ್ತರ. ಈ ಎರಡು ಉತ್ತರಗಳ ನಡುವೆ ಒಂದು ಊರೇ ಸಿಕ್ಕಿಕೊಂಡಿದೆ. ನಮ್ಮ ಜಿಲ್ಲೆಯ ಈ ಊರಿನ ಪರವಾಗಿ ಯಾರೂ ಮಾತಾಡಲಿಲ್ಲ ಅನ್ನೋದು ಸುಳ್ಳು. ಮಾತಾಡಿದ್ದಾರೆ, ನೂರು ಸಲ ಮಾತಾಡಿದ್ದಾರೆ. ಆ ಮಾತು ಯಾರ ಬೆನ್ನ ಮೇಲೆ ನಿಂತಿತ್ತು, ಯಾವಾಗ ಕೇಳಿಸಿತು, ಯಾವಾಗ ಕೇಳಿಸಲಿಲ್ಲ ಅನ್ನೋದನ್ನು ನಾವು ನೋಡಬೇಕು.

ಮೊದಲು ಊರು ಹುಟ್ಟಿದ ಕಥೆ. 1802ರಲ್ಲಿ ವಾರನ್ ಎಂಬ ಬ್ರಿಟಿಷ್ ಅಧಿಕಾರಿ ಇಲ್ಲಿಗೆ ಬಂದಾಗ ಉರಿಗಾಂ, ಮಾರಿಕುಪ್ಪಂ ಕಡೆಯ ಹಳ್ಳಿಯ ಜನ ಮಣ್ಣು ಜಾಲಿಸಿ ಚಿನ್ನದ ಪುಡಿ ತೆಗೆಯುತ್ತಿದ್ದರು. 1875ರಲ್ಲಿ ಲವೆಲ್ ಎಂಬ ಐರಿಷ್ ಸೈನಿಕ ಪರವಾನಗಿ ಪಡೆದ. 1880ರಿಂದ ಜಾನ್ ಟೇಲರ್ ಕಂಪನಿ ಕಾಲಿಟ್ಟಿತು. ನೆಲದೊಳಕ್ಕೆ ಇಳಿಯುವವರು ಯಾರು? ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯ ಹೊಲಗೇರಿಗಳಿಂದ ಜನ ಬಂದರು. ಹಸಿವು ಒಂದು ಕಡೆಯಿಂದ ದೂಡಿತು, ಜಮೀನ್ದಾರನ ಜೀತ ಇನ್ನೊಂದು ಕಡೆಯಿಂದ. ಊರಾಚೆ ಇಟ್ಟವರನ್ನು ಕಂಪನಿ ಭೂಮಿಯಾಚೆಗೆ, ಪಾತಾಳಕ್ಕೆ ಇಳಿಸಿತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರ್‌ಗೂ ಮೀರಿ ಆಳಕ್ಕೆ ಹೋಯಿತು. ಅಲ್ಲಿ ಬಂಡೆ ಮುಟ್ಟಿದರೆ ಕೈ ಸುಡುತ್ತದೆ. ಒತ್ತಡ ತಡೆಯಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿದು ಆಳುಗಳನ್ನು ಹೂತುಹಾಕುತ್ತಿತ್ತು.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ನಮ್ಮ ಪಠ್ಯಪುಸ್ತಕಗಳು ಇದನ್ನು ಹೆಮ್ಮೆಯಿಂದ ಹೇಳುತ್ತವೆ. ಆ ಕರೆಂಟು ಬಂದದ್ದು ಯಂತ್ರಕ್ಕೆ ಮತ್ತು ಸಾಹೇಬರ ಬಂಗಲೆಗೆ ಅನ್ನೋದನ್ನು ಮಾತ್ರ ಹೇಳುವುದಿಲ್ಲ. ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಒಂದು ಕಡೆ. ತಗಡಿನ ಶೆಡ್ಡು, ತಟ್ಟಿ ಗೋಡೆಯ ಲೈನುಗಳು ಇನ್ನೊಂದು ಕಡೆ. 1897ರ ಮೈಸೂರು ಗಣಿ ಕಾಯಿದೆಯಂತೆ ಕೂಲಿಯ ಹತ್ತಿರ ಅದಿರು ಸಿಕ್ಕರೆ ತಾನು ಕಳ್ಳನಲ್ಲ ಅಂತ ಸಾಬೀತು ಮಾಡಬೇಕಾದವನು ಕೂಲಿಯೇ. ಬೆವರು ಸುರಿಸಿದವನೇ ಮೊದಲ ಆರೋಪಿ.

ಕೂಲಿ ಸುಮ್ಮನಿರಲಿಲ್ಲ. 1907ರಲ್ಲೇ ಮಾರಿಕುಪ್ಪಂನಲ್ಲಿ ಬೌದ್ಧ ಸಂಘ ಹುಟ್ಟಿತು. ಅಯೋತಿ ದಾಸ ಪಂಡಿತರ ವಿಚಾರ ಇಲ್ಲಿಯ ಲೈನುಗಳಲ್ಲಿ ಬೇರುಬಿಟ್ಟಿತು. ಅವರ ಕಾಲವಾದ ನಂತರ ನಿಂತುಹೋಗಿದ್ದ 'ತಮಿಳನ್' ಪತ್ರಿಕೆ 1926ರಲ್ಲಿ ಮತ್ತೆ ಹೊರಬಂದದ್ದು ಈ ಚಿನ್ನದ ಗಣಿಯಿಂದ. ಬಾಬಾಸಾಹೇಬರು ನಾಗಪುರದಲ್ಲಿ ದೀಕ್ಷೆ ಪಡೆದದ್ದು 1956ರಲ್ಲಿ. ಅದಕ್ಕೂ ಅರ್ಧ ಶತಮಾನ ಮುಂಚೆ, ಭೂಮಿಯ ಕೆಳಗೆ ದುಡಿಯುವ ಅಸ್ಪೃಶ್ಯರು ಮೇಲೆ ಬಂದು ಬುದ್ಧನ ಹೆಸರು ಹೇಳುತ್ತಿದ್ದರು. ಕರ್ನಾಟಕದ ದಲಿತ ಚಳವಳಿಯ ಚರಿತ್ರೆ ಬರೆಯುವವರು ಎಪ್ಪತ್ತರ ದಶಕದಿಂದ ಶುರುಮಾಡುತ್ತಾರಲ್ಲ, ಈ ಅಧ್ಯಾಯವನ್ನು ಎಲ್ಲಿಡುತ್ತಾರೆ?

1930ರಲ್ಲಿ ಕಂಪನಿ ಎಲ್ಲ ಆಳುಗಳ ಬೆರಳಚ್ಚು ತೆಗೆಯಲು ಹೊರಟಿತು. ಆಗ ಕಾರ್ಮಿಕ ಸಂಘ ಎಂಬುದೇ ಇರಲಿಲ್ಲ. ಆದರೂ ಸಾವಿರಾರು ಜನ ವಾರಗಟ್ಟಲೆ ಕೆಳಗಿಳಿಯಲಿಲ್ಲ. ನಾವು ಕಳ್ಳರಾ ಎಂಬುದು ಆ ಮುಷ್ಕರದ ತಿರುಳು. ಕೂಲಿಗಿಂತ ಮೊದಲು ಮಾನ. 1940ರ ದಶಕದಲ್ಲಿ ಸಂಘ ಬಂತು, ಕೆಂಬಾವುಟ ಬಂತು. 1946ರ ನವೆಂಬರ್‌ನಲ್ಲಿ ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಆ ವರ್ಷಗಳಲ್ಲೇ ಇಲ್ಲಿಯ 7653 ಕಾರ್ಮಿಕರ ಎದೆ ಪರೀಕ್ಷೆ ಮಾಡಿದರು. 3402 ಜನರ ಶ್ವಾಸಕೋಶದಲ್ಲಿ ಸಿಲಿಕೋಸಿಸ್, ಅಂದರೆ ಕಲ್ಲಿನ ದೂಳು ಕೂತು ಬರುವ ಕಾಯಿಲೆ. ನೂರಕ್ಕೆ ನಲವತ್ತನಾಲ್ಕು ಮಂದಿ! ಈ ಸಂಖ್ಯೆಯನ್ನು ಗೆಳೆಯರು ಬಾಯಿಪಾಠ ಮಾಡಬೇಕು. ಕೆಜಿಎಫ್ ಎಷ್ಟು ಚಿನ್ನ ಕೊಟ್ಟಿತು ಅಂತ ಯಾರಾದರೂ ಕೇಳಿದರೆ 800 ಟನ್ ಅಂತ ಹೇಳಿ, ಹಿಂದೆಯೇ ಇದನ್ನೂ ಹೇಳಬೇಕು.

ಇಂಥ ನೆಲದಿಂದ ಸದನಕ್ಕೆ ಹೋದವರು ಸಾಮಾನ್ಯ ರಾಜಕಾರಣಿಗಳಾಗಿರಲಿಲ್ಲ. ಕರ್ನಾಟಕದ ಬೇರೆ ಕಡೆ ಮೀಸಲು ಕ್ಷೇತ್ರ ಅಂದರೆ ಗೌಡರೋ ಲಿಂಗಾಯತರೋ ಆರಿಸಿದ, ಅವರ ಮನೆಯ ಜಗಲಿಯ ಕೆಳಗೆ ನಿಂತ 'ನಮ್ಮ ಹುಡುಗ' ಗೆಲ್ಲುವ ಜಾಗ. ಕೆಜಿಎಫ್‌ನಲ್ಲಿ ಹಾಗಾಗಲಿಲ್ಲ. 1954ರಲ್ಲಿ ಅಂಬೇಡ್ಕರ್ ತಾವೇ ಇಲ್ಲಿಗೆ ಬಂದಿದ್ದರು. ಅವರ ಹೆಸರಿನ ರಾಜಕಾರಣ ಇಲ್ಲಿ ಸ್ವಂತ ಕಾಲ ಮೇಲೆ ನಿಂತಿತು. ಸಿ.ಎಂ. ಆರ್ಮುಗಂ 1978ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಗೆದ್ದರು. 1985ರಲ್ಲಿ ಮಾರ್ಕ್ಸ್‌ವಾದಿ ಪಕ್ಷದ ಟಿ.ಎಸ್. ಮಣಿ ಗೆದ್ದರು, 1994ರಲ್ಲಿ ಮತ್ತೆ ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್. ನಡುನಡುವೆ ಅಣ್ಣಾ ಡಿಎಂಕೆಯ ಎಂ. ಭಕ್ತವತ್ಸಲಂ. ನೀಲಿ ಬಾವುಟ, ಕೆಂಪು ಬಾವುಟ, ದ್ರಾವಿಡ ಬಾವುಟ. ರಾಜ್ಯದಲ್ಲಿ ಯಾವ ಗಾಳಿ ಬೀಸಿದರೂ ಗಣಿಯ ಜನ ತಮ್ಮದೇ ಆಳನ್ನು ಕಳಿಸಿದರು.

ಅದೇ ಅವರ ಬಲ, ಅದೇ ಅವರ ದೌರ್ಬಲ್ಯ ಕೂಡ. ಆಳುವ ಪಕ್ಷದವನಲ್ಲದ, ಮನೆಯಲ್ಲಿ ತಮಿಳು ಮಾತಾಡುವ, ದಲಿತನಾದ ಒಬ್ಬಂಟಿ ಸದಸ್ಯನ ಮಾತಿಗೆ ವಿಧಾನಸೌಧದಲ್ಲಿ ಎಷ್ಟು ತೂಕ? 'ಅವರು ತಮಿಳರಲ್ವಾ' ಅಂತ ಇವತ್ತಿಗೂ ನಮ್ಮ ಕನ್ನಡಾಭಿಮಾನಿ ಗೆಳೆಯರು ಕೇಳುತ್ತಾರೆ. ಹೌದು ಸ್ವಾಮಿ, ತಮಿಳರೇ. ಬಂದು ನೂರ ನಲವತ್ತು ವರ್ಷ ಆಯಿತು. ಐದು ತಲೆಮಾರು ಈ ನೆಲದೊಳಗೇ ಮಣ್ಣಾಗಿದೆ. ಚಿನ್ನ ಕನ್ನಡದ್ದಾದರೆ ಅದನ್ನು ತೆಗೆದವನು ಪರದೇಶಿ ಹೇಗಾಗುತ್ತಾನೆ?

ಕೇಳಿಸಿದ ಒಂದು ಮಾತನ್ನು ಮೊದಲು ಹೇಳಬೇಕು. ಗಣಿಯನ್ನು ಬಿಳಿಯರ ಕಂಪನಿಯಿಂದ ಕಿತ್ತುಕೊಳ್ಳಿ ಅಂತ ಕಾರ್ಮಿಕರು, ಅವರ ಪ್ರತಿನಿಧಿಗಳು ಪಟ್ಟುಹಿಡಿದರು. 1956ರಲ್ಲಿ ಮೈಸೂರು ಸರ್ಕಾರ ಗಣಿಯನ್ನು ವಶಕ್ಕೆ ತೆಗೆದುಕೊಂಡಿತು. ಆಗ ಸದನದ ಮಾತಿನ ಹಿಂದೆ ಸಾವಿರಾರು ಆಳುಗಳ ಸಂಘ ಇತ್ತು. ಮುಷ್ಕರ ಮಾಡಿದರೆ ಚಿನ್ನ ನಿಲ್ಲುತ್ತಿತ್ತು. ಚಿನ್ನ ನಿಂತರೆ ಸರ್ಕಾರಕ್ಕೆ ಕಿವಿ ಬರುತ್ತದೆ.

1962ರಲ್ಲಿ ಗಣಿ ಕೇಂದ್ರದ ಹಣಕಾಸು ಇಲಾಖೆಗೆ ಹೋಯಿತು. ನಾವು ಮೊದಲಿಗೆ ಹೇಳಿದ ಎರಡು ಉತ್ತರಗಳ ಆಟ ಇಲ್ಲಿಂದ ಶುರು. ಇಲ್ಲಿ ತೆಗೆದ ಚಿನ್ನವನ್ನು ಕೇಂದ್ರ ಸರ್ಕಾರ ದೇಶದ ಪೇಟೆಯ ದರಕ್ಕೆ ಕೊಳ್ಳಲಿಲ್ಲ, ಅದಕ್ಕಿಂತ ಬಹಳ ಕಡಿಮೆಯ ಅಧಿಕೃತ ಅಂತರರಾಷ್ಟ್ರೀಯ ದರಕ್ಕೆ ಲೆಕ್ಕ ಹಿಡಿಯಿತು. ಹೊರಗೆ ಶೆಟ್ಟರ ಅಂಗಡಿಯಲ್ಲಿ ಒಂದು ಬೆಲೆ, ಗಣಿಯ ಖಾತೆಯಲ್ಲಿ ಇನ್ನೊಂದು. ಹೀಗೆ ಬರೆದ ಖಾತೆಯಲ್ಲಿ ನಷ್ಟ ಕಾಣದೆ ಇನ್ನೇನು ಕಂಡೀತು? ಅದಿರಿನ ಹುರುಳು ಇಳಿದದ್ದೂ ನಿಜ, ಆಳಕ್ಕೆ ಹೋದಷ್ಟೂ ಖರ್ಚು ಏರಿದ್ದೂ ನಿಜ. ಆದರೆ 'ಕಾರ್ಮಿಕರು ಜಾಸ್ತಿ, ಅದಕ್ಕೇ ನಷ್ಟ' ಅಂತ ಹೇಳಿದವರು ಈ ದರದ ಮಾತು ಎತ್ತಲಿಲ್ಲ.

1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 1992ರಲ್ಲಿ ಅದನ್ನು ರೋಗಿಷ್ಟ ಉದ್ಯಮ ಅಂತ ಕರೆದರು. 2001ರ ಫೆಬ್ರವರಿ 28ರಂದು ಬೀಗ ಹಾಕಿದರು. ಆಗ ಉಳಿದಿದ್ದವರು ಮೂರೂವರೆ ಸಾವಿರದಷ್ಟು ಕಾರ್ಮಿಕರು. ಶಾಸಕರು ಮಾತಾಡಿದರು, ಸಂಘಗಳು ಕೋರ್ಟಿಗೆ ಹೋದವು. ಕಾರ್ಮಿಕರು ತಾವೇ ಸಹಕಾರ ಸಂಘ ಕಟ್ಟಿಕೊಂಡು, 'ಕೊಡಿ, ಗಣಿ ನಾವೇ ನಡೆಸ್ತೀವಿ' ಅಂದರು. ಇದು ಸಣ್ಣ ಮಾತಲ್ಲ. ಹೊಲಗೇರಿಯಿಂದ ಬಂದ ಕೂಲಿಯ ಮೊಮ್ಮಗ ಕಂಪನಿಯ ಒಡೆಯನಾಗುತ್ತೇನೆ ಅಂದ ಮಾತು ಅದು. 2013ರಲ್ಲಿ ಸುಪ್ರೀಂ ಕೋರ್ಟು ಜಾಗತಿಕ ಟೆಂಡರಿಗೆ ಒಪ್ಪಿಗೆ ಕೊಟ್ಟಿತು. ಆ ಕನಸು ಅಲ್ಲಿಗೆ ನಿಂತಿತು.

ಬೀಗ ಬಿದ್ದ ಮೇಲೆ ಶಾಸಕರ ಬೇಡಿಕೆಯೂ ಕುಗ್ಗಿದ್ದನ್ನು ಗಮನಿಸಬೇಕು. ಗಣಿ ನಮ್ಮದಾಗಲಿ ಅನ್ನುತ್ತಿದ್ದ ಊರು, ಆಮೇಲೆ ಬಾಕಿ ಹಣ ಕೊಡಿ, ಆಸ್ಪತ್ರೆ ಕೊಡಿ, ಇರುವ ಒಂದು ಕೋಣೆಯ ಮನೆಗೆ ಹಕ್ಕುಪತ್ರ ಕೊಡಿ ಅಂತ ಕೇಳಬೇಕಾಯಿತು. ಮುಷ್ಕರ ಮಾಡಲು ಗಣಿಯೇ ಇಲ್ಲ. ಬೆಳಗಿನ ಜಾವ ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ಸ್ಟೇಷನ್ನುಗಳಲ್ಲಿ ರೈಲು ಹತ್ತಿ ನೂರು ಕಿಲೋಮೀಟರ್ ಆಚೆ ಬೆಂಗಳೂರಿನಲ್ಲಿ ಹೌಸ್‌ಕೀಪಿಂಗು, ಸೆಕ್ಯುರಿಟಿ, ಗಾರ್ಮೆಂಟ್ಸ್ ಕೆಲಸ ಮಾಡಿ ರಾತ್ರಿ ಮನೆ ಸೇರುವ ಜನಕ್ಕೆ ಸಭೆ ಸೇರಲು ಹೊತ್ತೆಲ್ಲಿದೆ? ಸಂಘ ಚದುರಿದ ಮೇಲೆ ಕ್ಷೇತ್ರವೂ ದೊಡ್ಡ ಪಕ್ಷಗಳ ಪಾಲಾಯಿತು. 2008 ಮತ್ತು 2013ರಲ್ಲಿ ಬಿಜೆಪಿ, 2018 ಮತ್ತು 2023ರಲ್ಲಿ ಕಾಂಗ್ರೆಸ್ಸಿನ ಎಂ. ರೂಪಕಲಾ. ಗೆದ್ದವರು ಮಾತಾಡಲಿಲ್ಲ ಅನ್ನುವುದಿಲ್ಲ. ಬೆಮೆಲ್ ಕಾರ್ಖಾನೆ ಬಳಸದೆ ಬಿಟ್ಟ 900ಕ್ಕೂ ಹೆಚ್ಚು ಎಕರೆಯಲ್ಲಿ ಕೈಗಾರಿಕಾ ಪ್ರದೇಶ ಮಾಡಿ, ನಮ್ಮ ಹುಡುಗರು ರೈಲು ಹತ್ತುವುದು ತಪ್ಪಲಿ ಎಂಬ ಬೇಡಿಕೆಯನ್ನು ರೂಪಕಲಾ ಎತ್ತಿದ್ದಾರೆ. ಬೇಡಿಕೆ ಸರಿಯಾದದ್ದೇ.

ಆದರೆ ಮುಚ್ಚಿದ ಮೇಲೆ ದಿಲ್ಲಿ ನಿಜವಾಗಿ ಬೆಚ್ಚಿದ್ದು ಒಂದೇ ಸಲ. 2012ರ ನವೆಂಬರ್‌ನಲ್ಲಿ ಕೂಡಂಕುಳಂ ಅಣುಸ್ಥಾವರದ ಪ್ರಕರಣ ನಡೆಯುವಾಗ, ಅಲ್ಲಿಯ ಬಳಸಿದ ಇಂಧನವನ್ನು ಕೋಲಾರದ ಪಾಳು ಗಣಿಯಲ್ಲಿ ಇಡಬಹುದು ಎಂಬ ಮಾತು ಸುಪ್ರೀಂ ಕೋರ್ಟಿನಲ್ಲಿ ಬಂತು. ಚಿನ್ನ ತೆಗೆದ ಹೊಂಡಕ್ಕೆ ವಿಷ ತುಂಬುವ ಯೋಚನೆ! ಊರಿಗೆ ಊರೇ ಬೀದಿಗಿಳಿಯಿತು, ಅಂಗಡಿ ಮುಚ್ಚಿತು. ಪಕ್ಷ ಭೇದವಿಲ್ಲದೆ ರಾಜಕಾರಣಿಗಳೆಲ್ಲ ಮೈಕು ಹಿಡಿದರು. ಕೆಲವೇ ದಿನಗಳಲ್ಲಿ ಕೇಂದ್ರ 'ಅಂಥ ಯೋಚನೆ ಇಲ್ಲ' ಅಂತ ಹಿಂದೆ ಸರಿಯಿತು. 1930ರಲ್ಲಿ ಸಂಘವಿಲ್ಲದೆ ನಿಂತ ಜನರ ಮೊಮ್ಮಕ್ಕಳು ಗಣಿಯಿಲ್ಲದೆಯೂ ನಿಂತರು. ಅವತ್ತು ಬೀದಿ ಮುಂದೆ ಇತ್ತು, ಶಾಸಕರು, ಸಂಸದರು ಅದರ ಹಿಂದೆ ಬಂದರು.

ಈಗ ಸೈನೈಡ್ ಗುಡ್ಡಗಳ ಸರದಿ. ಅದಿರು ಅರೆದು ಚಿನ್ನ ತೆಗೆದು ಬಿಸಾಕಿದ ಪುಡಿ, 13 ಗುಡ್ಡ, ಸುಮಾರು 33 ದಶಲಕ್ಷ ಟನ್. ಗಾಳಿ ಕಾಲದಲ್ಲಿ ಅದರ ದೂಳು ಅಡುಗೆ ಪಾತ್ರೆಗೂ ಬೀಳುತ್ತದೆ, ಮಕ್ಕಳ ಕಣ್ಣಿಗೂ ಬೀಳುತ್ತದೆ. ಅದರಲ್ಲಿ ಇನ್ನೂ ಚಿನ್ನ ಉಳಿದಿದೆ ಅಂತ ಕೇಂದ್ರ ಕೇಳಿತು. 2024ರ ಜೂನ್‌ನಲ್ಲಿ ರಾಜ್ಯದ ಸಚಿವ ಸಂಪುಟ 1003 ಎಕರೆಯಲ್ಲಿ ಆ ಗುಡ್ಡಗಳನ್ನು ಬಗೆಯಲು ಒಪ್ಪಿತು. ಗಣಿ ಕೇಂದ್ರದ್ದು, ನೆಲ ರಾಜ್ಯದ್ದು ಅಂತ ಇಷ್ಟು ವರ್ಷ ಮುಖ ತಿರುಗಿಸಿದವರು ಚಿನ್ನದ ಮಾತು ಬಂದಾಗ ಒಂದೇ ಮೇಜಿಗೆ ಕೂತರು ನೋಡಿ. ಹಾಗಾದರೆ ಅದೇ ಮೇಜಿನ ಮೇಲೆ ಲೈನು ಮನೆಗಳ ಹಕ್ಕುಪತ್ರವನ್ನೂ ಇಡಬಹುದು, ಗುಡ್ಡ ಬಗೆಯುವ ಕೆಲಸದಲ್ಲಿ ಗಣಿ ಕಾರ್ಮಿಕರ ಮಕ್ಕಳಿಗೆ ಎಷ್ಟು ಜಾಗ ಅನ್ನುವುದನ್ನೂ ಇಡಬಹುದು, ಬಗೆಯುವಾಗ ಏಳುವ ದೂಳು ಯಾರ ಎದೆಗೆ ಅನ್ನುವುದನ್ನೂ ಇಡಬಹುದು. ಮುಂದಿನ ಅಧಿವೇಶನದಲ್ಲಿ ಕೆಜಿಎಫ್‌ನ ಶಾಸಕರು ಎದ್ದು ನಿಂತಾಗ ಕೇಳಬೇಕಾದ ಮೂರು ಪ್ರಶ್ನೆ ಇವು. ಅದಕ್ಕೂ ಮುಂಚೆ ಮಾರಿಕುಪ್ಪಂ ರೈಲಿನಲ್ಲಿ, ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ, ಲೈನು ಲೈನಿನಲ್ಲಿ ಈ ಪ್ರಶ್ನೆಗಳನ್ನು ತಮಿಳಿನಲ್ಲೂ ಕನ್ನಡದಲ್ಲೂ ಅಚ್ಚು ಹಾಕಿಸಿ ಹಂಚುವ ಕೆಲಸ ನಮ್ಮದು.