ಡಾಲ್ಫಿನ್: ಬೆಂಗಳೂರಿನ ಅಲ್ಪಾಯುಷಿ ಕಾರು

ಭಾರತದ ಕಾರು ಉದ್ಯಮದ ಮಾತು ಬಂದಾಗ ಅಂಬಾಸಡರ್, ಪದ್ಮಿನಿ, ಮಾರುತಿ ಎಂಬ ಹೆಸರುಗಳು ಎಲ್ಲರ ಬಾಯಲ್ಲೂ ಬರುತ್ತವೆ. ಬೆಂಗಳೂರಿನಲ್ಲಿಯೇ ಹುಟ್ಟಿದ ಸಿಪಾನಿ ಸಂಸ್ಥೆಯ ಹೆಸರು ಮಾತ್ರ ಕನ್ನಡಿಗರಿಗೂ ಮರೆತುಹೋಗಿದೆ.

1970ರ ದಶಕದ ಮಧ್ಯದಲ್ಲಿ ಸನ್‌ರೈಸ್ ಎಂಬ ಹೆಸರಿನಿಂದ ಆರಂಭವಾದ ಈ ಸಂಸ್ಥೆಯ ಮೊದಲ ವಾಹನ 'ಬಾದಲ್'. ಮುಂದೆ ಒಂದು, ಹಿಂದೆ ಎರಡು ಚಕ್ರಗಳು, 198 ಸಿ.ಸಿ.ಯ ಪುಟ್ಟ ಎಂಜಿನ್ ಹಿಂಬದಿಯಲ್ಲಿ. ಅದನ್ನು ಕಾರೆನ್ನಬೇಕೋ ಆಟೋ ಎನ್ನಬೇಕೋ ಎಂಬ ಸಂಶಯ ಕೊಳ್ಳುವವರನ್ನು ಕಾಡಿದ್ದರೆ ಆಶ್ಚರ್ಯವಿಲ್ಲ.

ಸಂಸ್ಥೆಯ ನಿಜವಾದ ಸಾಹಸವೆಂದರೆ 1982ರಲ್ಲಿ ಬಂದ 'ಡಾಲ್ಫಿನ್'. ಇಂಗ್ಲೆಂಡಿನ ಟ್ಯಾಮ್‌ವರ್ತ್ ಪಟ್ಟಣದ ರಿಲಯಂಟ್ ಕಂಪನಿ 1975ರಿಂದ ತಯಾರಿಸುತ್ತಿದ್ದ 'ಕಿಟನ್' ಎಂಬ ಕಾರೇ ಇದರ ಮೂಲ. 848 ಸಿ.ಸಿ.ಯ ಅಲ್ಯೂಮಿನಿಯಂ ಎಂಜಿನ್, ನಾಲ್ಕು ಸಿಲಿಂಡರು, ಫೈಬರ್ ಗ್ಲಾಸಿನ ಹಗುರ ಮೈ. ಅಂಬಾಸಡರ್, ಪದ್ಮಿನಿಗಳಿಗಾಗಿ ಜನರು ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಇದು ಹೊಸತನದ ವಸ್ತುವೇ ಆಗಿತ್ತು. ಮದರಾಸಿನ ಬಳಿಯ ಶೋಳವರಂ ಓಟದ ಕಣದಲ್ಲಿಯೂ ಡಾಲ್ಫಿನ್‌ಗಳು ಓಡಿದವು; ತೂಕ ಕಡಿಮೆಯಿದ್ದುದು ಅಲ್ಲಿ ವರವಾಯಿತು.

ಈ ಫೈಬರ್ ಮೈಯಲ್ಲಿಯೇ ಸಂಸ್ಥೆಯ ಏಳುಬೀಳುಗಳೆರಡೂ ಅಡಗಿದ್ದವೆಂದು ನನ್ನ ಅಭಿಪ್ರಾಯ. ಉಕ್ಕಿನ ತಗಡನ್ನು ಒತ್ತಿ ಮೈ ರೂಪಿಸುವ ಯಂತ್ರಗಳಿಗೆ ಅಪಾರ ಬಂಡವಾಳ ಬೇಕು. ಫೈಬರಿಗೆ ಅಚ್ಚು ಸಾಕು: ಗಾಜಿನ ನಾರಿನ ಹಾಸನ್ನು ಅಚ್ಚಿನೊಳಗೆ ಹರಡಿ, ರಾಳ ಬಳಿದು, ಗಟ್ಟಿಯಾದ ಮೇಲೆ ಬಿಡಿಸಿ ತೆಗೆಯುವುದು. ಆದ್ದರಿಂದಲೇ ಸಣ್ಣ ಸಂಸ್ಥೆಯೊಂದು ಕಾರು ಉದ್ಯಮಕ್ಕೆ ಕಾಲಿಡುವುದು ಸಾಧ್ಯವಾಯಿತು. ಆದರೆ ಇದು ಕೈಕೆಲಸ, ನಿಧಾನದ ಕೆಲಸ. ಅಚ್ಚಿನ ಖರ್ಚು ಒಮ್ಮೆ ಮುಗಿಯುತ್ತದೆ. ಕೂಲಿ ಮತ್ತು ಕಾಲದ ಖರ್ಚು ಪ್ರತಿ ಕಾರಿಗೂ ಮರಳಿ ಬರುತ್ತದೆ. ಉತ್ಪಾದನೆ ಹೆಚ್ಚಿದಂತೆ ವೆಚ್ಚ ಇಳಿಯಬೇಕೆಂಬ ಲೆಕ್ಕ ಇಲ್ಲಿ ಅಷ್ಟಾಗಿ ಕೂಡಿಬರುವುದಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ಮಾರುಕಟ್ಟೆಗೆ ಬಂದಿತು. ಸರ್ಕಾರದ ಬಂಡವಾಳ, ಜಪಾನಿನ ಸುಜುಕಿಯ ತಂತ್ರಜ್ಞಾನ, ಉಕ್ಕಿನ ಮೈ, ನಾಲ್ಕು ಬಾಗಿಲು, ಬೆಲೆ ಸುಮಾರು 48,000 ರೂಪಾಯಿ. ಡಾಲ್ಫಿನ್‌ಗೆ ಇದ್ದುದು ಎರಡೇ ಬಾಗಿಲು. ಅಜ್ಜಿ, ಮಕ್ಕಳು, ಬುತ್ತಿಯ ಚೀಲಗಳೊಂದಿಗೆ ಊರಿಗೆ ಹೊರಡುವ ನಮ್ಮ ಕುಟುಂಬಗಳಿಗೆ ಇದು ಸಣ್ಣ ಕೊರತೆಯಲ್ಲ. ಹೆಚ್ಚು ಬಾಗಿಲುಗಳ 'ಮೊಂಟಾನಾ' ಬಂದಿತಾದರೂ ಅಷ್ಟರಲ್ಲಿ ಕಾಲ ಮೀರಿತ್ತು.

ಆ ದಶಕದಲ್ಲಿ ಜಪಾನಿನ ನೆರವಿದ್ದವರೂ ಎಲ್ಲರೂ ಗೆಲ್ಲಲಿಲ್ಲ. ಕೂಕಟ್‌ಪಲ್ಲಿಯ ನಮಗೆ ಕಾಲೊನಿಯ ಹೆಸರಾಗಿ ಪರಿಚಿತವಾದ ಆಲ್ವಿನ್ ಸಂಸ್ಥೆ ನಿಸ್ಸಾನ್ ಕಂಪನಿಯ ಸಹಯೋಗದಲ್ಲಿ ಜಹೀರಾಬಾದಿನಲ್ಲಿ ಲಘು ಟ್ರಕ್ಕುಗಳನ್ನು ತಯಾರಿಸಿತು; ದಶಕದ ಕೊನೆಗೆ ಆ ಘಟಕ ಮಹೀಂದ್ರದವರ ಪಾಲಾಯಿತು. ಬೀದರಿಗೆ ಹೋಗಿಬರುವವರು ಆ ಊರನ್ನು ದಾಟಿಯೇ ಸಾಗುತ್ತಾರೆ.

ಸಿಪಾನಿಗೆ ಅಂತಹ ಕೊಳ್ಳುವವರೂ ಒದಗಲಿಲ್ಲ. 1990ರ ದಶಕದ ಮಧ್ಯದಲ್ಲಿ ಅದು ರೋವರ್ ಕಂಪನಿಯ 'ಮಾಂಟೆಗೊ' ಕಾರನ್ನು ಬೆಂಗಳೂರಿನಲ್ಲಿ ಜೋಡಿಸಿ ಮಾರಲು ಹೊರಟಿತು. 1984ರ ಆ ಮಾದರಿ ಇಂಗ್ಲೆಂಡಿನಲ್ಲಿಯೇ ಹಳತಾಗಿತ್ತು. ಕೆಲವು ನೂರು ಕಾರುಗಳೊಂದಿಗೆ ಸಿಪಾನಿಯ ಕಾರು ತಯಾರಿಕೆ ನಿಂತಿತು. ಉಳಿದಿರುವ ಕೆಲವು ಡಾಲ್ಫಿನ್‌ಗಳು ಹಳೆಯ ವಾಹನಪ್ರಿಯರ ಬಳಿ ಇವೆ. ಫೈಬರ್ ಮೈಗೆ ತುಕ್ಕು ಹಿಡಿಯುವ ಭಯವಿಲ್ಲ. ಬಿಡಿಭಾಗಗಳನ್ನು ಹುಡುಕುವುದೇ ಪ್ರಯಾಸದ ಕೆಲಸ.