ಸಮುದ್ರ ಇಲ್ಲದ ದ್ವೀಪ: ಪಾವಗಡದ ಗಡಿ ಹೀಗ್ಯಾಕಿದೆ?

ಕೇಳ್ತಾ ಕೇಳ್ತಾನೇ ಫೋನಲ್ಲಿ ಮ್ಯಾಪ್ ತೆಗೀರಿ, ತುಮಕೂರು ಜಿಲ್ಲೆನ ಝೂಮ್ ಮಾಡಿ. ಶಿರಾ, ಮಧುಗಿರಿ, ಕೊರಟಗೆರೆ ಒಟ್ಟಿಗಿವೆ. ಪಾವಗಡ ಮಾತ್ರ ಮೇಲೆ ಬೇರೆಯಾಗಿ ನಿಂತಿದೆ. ನಡುವೆ ಇರೋದು ಆಂಧ್ರದ ಮಡಕಶಿರಾ. ಪಾವಗಡಕ್ಕೆ ಕರ್ನಾಟಕದ ನೆಲ ಅಂಟಿಕೊಂಡಿರೋದು ಪಶ್ಚಿಮಕ್ಕೆ, ಚಿತ್ರದುರ್ಗ ಜಿಲ್ಲೆಯ ಕಡೆ ಮಾತ್ರ. ಕರಾವಳಿಯವರಿಗೆ ಒಂದು ಕಡೆ ಗಡಿ ಅಂದ್ರೆ ಸಮುದ್ರ. ಇಲ್ಲಿ ಸಮುದ್ರದ ಕೆಲಸವನ್ನ ಇನ್ನೊಂದು ರಾಜ್ಯ ಮಾಡ್ತಿದೆ.

ಇದು ಬೆಟ್ಟವೋ ನದಿಯೋ ಮಾಡಿದ ಗಡಿ ಅಲ್ಲ. 1687ರಲ್ಲಿ ಮೊಘಲರು ಶಿರಾವನ್ನ ಸುಬಾದ ರಾಜಧಾನಿ ಮಾಡಿದಾಗ ಅದರ ಏಳು ಪರಗಣಗಳಲ್ಲಿ ಪೆನುಕೊಂಡವೂ ಒಂದು. ಅಂದ್ರೆ ಇವತ್ತು ಆಂಧ್ರದಲ್ಲಿರೋ ಊರಿಗೆ ಶಿರಾದಿಂದ ಆಡಳಿತ ನಡೀತಿತ್ತು! ಅದಕ್ಕೂ ಎಷ್ಟೋ ಮೊದಲು ನೊಳಂಬರ ರಾಜಧಾನಿ ಹೆಂಜೇರು, ಈಗಿನ ಹೇಮಾವತಿ, ಶಿರಾದ ಪಕ್ಕದಲ್ಲೇ ಇದೆ. ಅದೂ ಈಗ ಆಂಧ್ರ.

ಗೆರೆ ಬಿದ್ದಿದ್ದು ಟಿಪ್ಪು ಸತ್ತ ಮೇಲೆ. 1799ರ ಜೂನ್‌ನಲ್ಲಿ ಕಂಪನಿ ಮತ್ತು ನಿಜಾಮ ಮೈಸೂರನ್ನ ಹಂಚಿಕೊಂಡರು. ಮಡಕಶಿರಾ ಕಡೆಯ ಸೀಮೆ ನಿಜಾಮನ ಪಾಲಾಯ್ತು, ಪಾವಗಡ ಒಡೆಯರ ಮೈಸೂರಲ್ಲೇ ಉಳೀತು. ಮರುವರ್ಷ, ತನ್ನ ರಕ್ಷಣೆಗೆ ಇಟ್ಟ ಬ್ರಿಟಿಷ್ ಸೈನ್ಯದ ಖರ್ಚಿಗಾಗಿ ನಿಜಾಮ ಆ ಸೀಮೆಯನ್ನ ಕಂಪನಿಗೇ ಬಿಟ್ಟುಕೊಟ್ಟ. ಕಾಮರ್ಸ್ ಓದಿದ ನಂಗೆ ಇದು ಸಾಲದ ಬದಲು ಆಸ್ತಿ ಬರೆದುಕೊಟ್ಟ ಹಾಗೆ ಕಾಣುತ್ತೆ. ಅದರಲ್ಲಿದ್ದ ಹಳ್ಳಿಯವರನ್ನ ಯಾರು ಕೇಳಿದ್ರು?

ಆಮೇಲೆ ಮಡಕಶಿರಾ ಮದ್ರಾಸ್ ಪ್ರಾಂತ್ಯ, ಅನಂತಪುರ ಜಿಲ್ಲೆ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಬಳ್ಳಾರಿಯ ತಾಲೂಕುಗಳನ್ನ ಭಾಷೆ ನೋಡಿ ಹಂಚಿದ್ರು. ಮಡಕಶಿರಾ ಮಾತ್ರ ಜಿಲ್ಲೆಯ ಜೊತೆಗೇ ಹೋಯ್ತು. ತಮಾಷೆ ನೋಡಿ, ಇವತ್ತಿಗೂ ಮಡಕಶಿರಾದ ಎಷ್ಟೋ ಹಳ್ಳಿಗಳಲ್ಲಿ ಕನ್ನಡ, ಪಾವಗಡದ ಎಷ್ಟೋ ಮನೆಗಳಲ್ಲಿ ತೆಲುಗು. 1956ರ ನಂತರ ಬಂದ ಮಹಾಜನ್ ಆಯೋಗ ಮಹಾರಾಷ್ಟ್ರ, ಕೇರಳದ ಗಡಿ ನೋಡಿತು. ಈ ಗಡಿ ಅದರ ಪಟ್ಟಿಯಲ್ಲೇ ಇರಲಿಲ್ಲ.

ಈಗ ನಮ್ಮ ಕಾಲಕ್ಕೆ ಬನ್ನಿ. ನಾಲ್ಕೂ ತಾಲೂಕು ಮಧುಗಿರಿ ಉಪವಿಭಾಗಕ್ಕೆ ಸೇರಿವೆ. ಎಸ್ಎಸ್ಎಲ್‌ಸಿ ಫಲಿತಾಂಶದಲ್ಲಿ ನೀವು ನೋಡೋ 'ಮಧುಗಿರಿ ಶೈಕ್ಷಣಿಕ ಜಿಲ್ಲೆ'ಯೂ ಇದೇ ನಾಲ್ಕು ತಾಲೂಕು. ಪಾವಗಡದ ರೈತನಿಗೆ ಪಹಣಿ, ಖಾತೆಯ ತಕರಾರಲ್ಲಿ ತಹಶೀಲ್ದಾರರ ಆದೇಶ ಒಪ್ಪಿಗೆ ಆಗಲಿಲ್ಲ ಅಂದ್ರೆ ಮೇಲ್ಮನವಿ ಹಾಕೋಕೆ ಮಧುಗಿರಿಯ ಎಸಿ ಆಫೀಸಿಗೆ ಹೋಗ್ಬೇಕು. ದಾರಿ? ಆಂಧ್ರದೊಳಗಿಂದ. ತನ್ನದೇ ಜಿಲ್ಲೆಯ ಕಚೇರಿಗೆ ಹೋಗೋಕೆ ರಾಜ್ಯ ಬಿಟ್ಟು ಮತ್ತೆ ರಾಜ್ಯಕ್ಕೆ ಬರ್ಬೇಕು. ಪ್ರತಿ ವಿಚಾರಣೆಗೂ ಹೀಗೇ, ಒಂದು ದಿನದ ಕೂಲಿ ಹೋಯ್ತು.

ಇನ್ನೊಂದು ಗೋಜಲು. ಹತ್ತೊಂಬತ್ತನೇ ಶತಮಾನದಲ್ಲಿ ಪಾವಗಡ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆಮೇಲೆ ತುಮಕೂರಿಗೆ ಬಂತು. ಆದ್ರೆ ಓಟಿನ ಲೆಕ್ಕದಲ್ಲಿ ಪಾವಗಡ, ಶಿರಾ ಎರಡೂ ಚಿತ್ರದುರ್ಗ ಲೋಕಸಭಾ ಕ್ಷೇತ್ರ. ಮಧುಗಿರಿ, ಕೊರಟಗೆರೆ ತುಮಕೂರು ಕ್ಷೇತ್ರ. ಡಿಸಿ ಒಂದು ಕಡೆ, ಎಂಪಿ ಇನ್ನೊಂದು ಕಡೆ.

ಮಧುಗಿರಿಯನ್ನೇ ಜಿಲ್ಲೆ ಮಾಡಿ ಅನ್ನೋ ಬೇಡಿಕೆ ಹಳೇದು. ಆದ್ರೆ ಪಾವಗಡದವರಿಗೆ ದೂರ ಕಮ್ಮಿ ಆಗುತ್ತೆ, ಆಂಧ್ರ ತಪ್ಪಲ್ಲ. ನಂಗೆ ಆಸೆ ಇರೋದು ತುಮಕೂರು–ರಾಯದುರ್ಗ ರೈಲಿನ ಮೇಲೆ. ಆ ಮಾರ್ಗ ಕೊರಟಗೆರೆ, ಮಧುಗಿರಿ ದಾಟಿ ಮಡಕಶಿರಾಕ್ಕೆ ಹೋಗಿ, ಆಮೇಲೆ ಪಾವಗಡಕ್ಕೆ ಬರುತ್ತೆ. ಅದನ್ನ ಹಾಕೋರು ಗಡಿ ಸುತ್ತಿ ಹೋಗ್ಲಿಲ್ಲ, ನೇರ ನೆಲ ನೋಡಿ ಗೆರೆ ಎಳೆದ್ರು.