ವಿಷಸಂಪರ್ಕ ಮತ್ತು ಆರೋಗ್ಯ: ಕಾರವಾರ–ಅಂಕೋಲಾ

ಕೆಲಸದ ಜಾಗದಲ್ಲಿ, ಇಲ್ಲವೇ ಸುತ್ತಲಿನ ಗಾಳಿ, ನೀರು, ಆಹಾರದ ಮೂಲಕ ಮೈಸೇರುವ ವಿಷವಸ್ತುಗಳು ಮನುಷ್ಯನ ಆರೋಗ್ಯಕ್ಕೆ ಏನು ಮಾಡುತ್ತವೆ ಎಂಬ ಅಧ್ಯಯನಕ್ಕೆ ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳಲ್ಲಿ ಮೂರು ಮುಖ್ಯ ನೆಲೆಗಳಿವೆ: ಕೈಗಾದ ಅಣುವಿದ್ಯುತ್ ಸ್ಥಾವರ, ಬಿಣಗಾದ ಕಾಸ್ಟಿಕ್ ಸೋಡಾ ಕಾರ್ಖಾನೆ, ಬೇಲೆಕೇರಿ ಬಂದರಿನ ಅದಿರು ಸಾಗಣೆ.

ಇವುಗಳಲ್ಲಿ ಸ್ಪಷ್ಟವಾಗಿ ದಾಖಲಾಗಿರುವುದು ಕೈಗಾದ ಟ್ರಿಟಿಯಂ ಪ್ರಕರಣ. 2009ರ ನವೆಂಬರ್ ಕೊನೆಯ ವಾರ, ನಿಯಮಿತ ಮೂತ್ರ ಪರೀಕ್ಷೆಯಲ್ಲಿ 50ಕ್ಕೂ ಹೆಚ್ಚು ನೌಕರರ ಮೈಯಲ್ಲಿ ಟ್ರಿಟಿಯಂ ವಾಡಿಕೆಗಿಂತ ಹೆಚ್ಚಿರುವುದು ಗೊತ್ತಾಯಿತು. ಮೂಲ ಹುಡುಕುತ್ತ ಹೋದವರಿಗೆ ಅದು ಸಿಕ್ಕಿದ್ದು ಕುಡಿಯುವ ನೀರಿನ ಕೂಲರಿನಲ್ಲಿ. ಸ್ಥಾವರದಲ್ಲಿ ಸೋರಿಕೆ ಆಗಿಲ್ಲ, ಯಾರೋ ಬೇಕೆಂದೇ ಟ್ರಿಟಿಯಂ ಇರುವ ಭಾರಜಲವನ್ನು ನೀರಿಗೆ ಬೆರೆಸಿದ್ದಾರೆ ಎಂದು ಅಣುಶಕ್ತಿ ಆಯೋಗದ ಅಂದಿನ ಅಧ್ಯಕ್ಷ ಅನಿಲ್ ಕಾಕೋಡ್ಕರ್ ಹೇಳಿದರು. ಮಲ್ಲಾಪುರ ಪೊಲೀಸ್ ಠಾಣೆಯಲ್ಲಿ ದೂರು ದಾಖಲಾಯಿತು.

ಟ್ರಿಟಿಯಂ ಜಲಜನಕದ ವಿಕಿರಣಶೀಲ ರೂಪ. ಕೈಗಾದ 220 ಮೆಗಾವ್ಯಾಟ್‌ನ ನಾಲ್ಕೂ ಘಟಕಗಳು ಭಾರಜಲ ಬಳಸುವಂಥವು. ಆ ನೀರಿಗೆ ನ್ಯೂಟ್ರಾನ್‌ಗಳು ಬಡಿದಂತೆಲ್ಲ ಟ್ರಿಟಿಯಂ ಹುಟ್ಟುತ್ತಲೇ ಇರುತ್ತದೆ. ಅದರ ಬೀಟಾ ಕಿರಣ ಎಷ್ಟು ದುರ್ಬಲವೆಂದರೆ ಚರ್ಮವನ್ನೂ ದಾಟದು. ಹಾಗಾಗಿ ನೌಕರರು ಎದೆಯ ಮೇಲೆ ಧರಿಸುವ ವಿಕಿರಣಮಾಪಕ ಬ್ಯಾಡ್ಜ್ ಅದನ್ನು ಗುರುತಿಸುವುದಿಲ್ಲ. ಅಪಾಯವಿರುವುದು ಅದು ಒಳಗೆ ಹೋದಾಗ. ದೇಹ ಅದನ್ನು ಸಾಮಾನ್ಯ ನೀರೆಂದೇ ತಿಳಿದು ಅಂಗಾಂಗಕ್ಕೆಲ್ಲ ಹಂಚುತ್ತದೆ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷವಾದರೂ ಮೈಯಿಂದ ಅರ್ಧದಷ್ಟು ಹೊರಹೋಗಲು ಸುಮಾರು 10 ದಿನ ಸಾಕು. ಹೆಚ್ಚು ನೀರು ಕುಡಿಸಿ, ಮೂತ್ರ ಹೆಚ್ಚಿಸುವ ಔಷಧ ಕೊಟ್ಟರೆ ಇನ್ನೂ ಬೇಗ. ಮೂತ್ರದ ಮಾದರಿಯೊಂದೇ ಇಲ್ಲಿ ನಂಬಬಹುದಾದ ಸಾಕ್ಷಿ. ಆ ಪರೀಕ್ಷೆ ವಾಡಿಕೆಯಾಗಿ ನಡೆಯದೆ ಹೋಗಿದ್ದರೆ ಕೆಲವೇ ತಿಂಗಳಲ್ಲಿ ಕುರುಹು ಅಳಿಸಿಹೋಗುತ್ತಿತ್ತು. ವಿಕಿರಣ ಕೆಲಸಗಾರರು ಪಡೆದ ಡೋಸ್‌ಗೆ ರಾಷ್ಟ್ರೀಯ ನೋಂದಣಿಯಿದೆ, ಯಾವುದೇ ಒಂದು ವರ್ಷಕ್ಕೆ 30 ಮಿಲಿಸೀವರ್ಟ್ ಮಿತಿಯಿದೆ. ಬೇರೆ ಯಾವ ದುಡಿಮೆಗೂ ಜಿಲ್ಲೆಯಲ್ಲಿ ಇಷ್ಟು ಬಿಗಿಯಾದ ಲೆಕ್ಕವಿಲ್ಲ.

ಸ್ಥಾವರದ ಬೇಲಿಯ ಹೊರಗೆ ಪ್ರಶ್ನೆ ಕಠಿಣವಾಗುತ್ತದೆ. 1980ರ ದಶಕದಲ್ಲಿ ಕೈಗಾ ಯೋಜನೆಯ ವಿರುದ್ಧ ಹೋರಾಟಕ್ಕೆ ನಿಂತ ಸಾಹಿತಿ ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೂ ಸ್ಪರ್ಧಿಸಿದ್ದರು. ಸುತ್ತಲಿನ ಜನರ ಆರೋಗ್ಯದ ಆತಂಕ ಅಷ್ಟು ಹಳೆಯದು. ಮಲ್ಲಾಪುರ, ಕದ್ರಾ ಕಡೆಯ ಊರುಗಳಲ್ಲಿ ಕ್ಯಾನ್ಸರ್ ಹೆಚ್ಚಿದೆಯೇ ಎಂದು ತಿಳಿಯಲು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ ಸಮೀಕ್ಷೆ ನಡೆಸಿದೆ. ಆದರೆ ಇವು ಚಿಕ್ಕ ಊರುಗಳು. ನಾಲ್ಕೈದು ಪ್ರಕರಣಗಳ ಏರಿಳಿತವೇ ಶೇಕಡಾವಾರು ಲೆಕ್ಕವನ್ನು ತಲೆಕೆಳಗು ಮಾಡುತ್ತದೆ. ರೋಗ ತಲೆದೋರಲು ದಶಕಗಳೇ ಬೇಕು, ಅಷ್ಟರಲ್ಲಿ ಗುತ್ತಿಗೆ ಕೆಲಸಗಾರ ಊರು ಬಿಟ್ಟಿರುತ್ತಾನೆ. ಜೊತೆಗೆ ಇಲ್ಲಿನ ರೋಗಿಗಳು ಗೋವಾ, ಮಣಿಪಾಲ, ಮಂಗಳೂರು, ಹುಬ್ಬಳ್ಳಿಗಳಿಗೆ ಹೋಗುವುದರಿಂದ ದಾಖಲೆಗಳು ಎರಡು ರಾಜ್ಯಗಳಲ್ಲಿ ಚದುರಿಹೋಗಿವೆ. ಹೀಗಿರುವಾಗ ‘ಅಪಾಯವೇ ಇಲ್ಲ’ ಎನ್ನುವವರೂ ‘ಎಲ್ಲವೂ ವಿಕಿರಣದಿಂದಲೇ’ ಎನ್ನುವವರೂ ಸಾಕ್ಷ್ಯವನ್ನು ಮೀರಿ ಮಾತಾಡುತ್ತಾರೆ.

ಬಿಣಗಾದ ಕಥೆ ಪಾದರಸದ್ದು. 1970ರ ದಶಕದಲ್ಲಿ ಆರಂಭವಾದ ಈ ಕಾರ್ಖಾನೆ ಉಪ್ಪುನೀರಿನಿಂದ ಕಾಸ್ಟಿಕ್ ಸೋಡಾ ತೆಗೆಯಲು ಹಳೆಯ ಪಾದರಸ ಕೋಶದ ವಿಧಾನವನ್ನು ಬಳಸುತ್ತಿತ್ತು. ಅದರ ತ್ಯಾಜ್ಯನೀರು ಸೇರುತ್ತಿದ್ದ ಬಿಣಗಾ ಕೊಲ್ಲಿ ಕಡಲ ವಿಜ್ಞಾನಿಗಳ ಅಧ್ಯಯನಕ್ಕೆ ವಸ್ತುವಾಯಿತು. ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಪಾದರಸವನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಅದು ಮೀನು, ಚಿಪ್ಪುಜೀವಿಗಳ ಮೂಲಕ ಊಟದ ತಟ್ಟೆಗೆ ಬಂದು ನರಮಂಡಲವನ್ನು ಹಿಡಿಯುತ್ತದೆ. ಜಪಾನಿನ ಮಿನಮಾಟಾದಲ್ಲಿ 1956ರಲ್ಲಿ ಬಯಲಿಗೆ ಬಂದದ್ದು ಇದೇ ರೋಗ. ಮೀನೇ ದಿನದ ಊಟವಾದ ಕರಾವಳಿಯಲ್ಲಿ ಕೆಸರಿನ ಪಾದರಸ ಅಳೆದರೆ ಸಾಲದು, ಮೀನುಗಾರರ ಮನೆಯವರ ತಲೆಕೂದಲನ್ನೂ ಪರೀಕ್ಷಿಸಬೇಕು. ತಿಂದ ಮೀಥೈಲ್ ಪಾದರಸದ ಲೆಕ್ಕ ಅಲ್ಲಿ ಸಿಗುತ್ತದೆ.

ಅಂಕೋಲಾದಲ್ಲಿ ಸಮಸ್ಯೆ ದೂಳು. ಬಳ್ಳಾರಿಯ ಕಬ್ಬಿಣದ ಅದಿರು ಹೊತ್ತ ಲಾರಿಗಳು ಹುಬ್ಬಳ್ಳಿ–ಅಂಕೋಲಾ ಹೆದ್ದಾರಿಯಲ್ಲಿ ಸಾಲುಗಟ್ಟಿ ಬೇಲೆಕೇರಿಗೆ ಇಳಿಯುತ್ತಿದ್ದ ವರ್ಷಗಳಲ್ಲಿ ಕೆಂಪು ಹುಡಿ ರಸ್ತೆಬದಿಯ ಗಿಡಮರ, ಅಂಗಡಿ ಮುಂಗಟ್ಟುಗಳ ಮೇಲೆ ಕೂರುತ್ತಿತ್ತು. 2010ರಲ್ಲಿ ಅಕ್ರಮ ಅದಿರಿನ ಹಗರಣ ಸಿಡಿದು, ಸರ್ಕಾರ ರಫ್ತು ನಿಷೇಧಿಸಿದ ಮೇಲೆ ಸಾಗಣೆ ನಿಂತಿತು. ಕಾಣೆಯಾದ ಅದಿರಿನ ಟನ್ನುಗಳನ್ನು ಲೋಕಾಯುಕ್ತವೂ ನ್ಯಾಯಾಲಯಗಳೂ ಎಣಿಸಿದವು. ಅದಿರನ್ನು ಇಳಿಸಿ ಏರಿಸಿದ ಕೂಲಿಗಳ ಶ್ವಾಸಕೋಶ ಆ ಲೆಕ್ಕದಲ್ಲಿ ಬರಲಿಲ್ಲ. ಕಬ್ಬಿಣದ ಹುಡಿಯೊಂದೇ ಆದರೆ ಎಕ್ಸ್‌ರೇಯಲ್ಲಿ ಕಲೆ ಕಂಡರೂ ತೊಂದರೆ ಕಡಿಮೆ. ಸಿಲಿಕಾ ಬೆರೆತಿದ್ದರೆ ವಾಸಿಯಾಗದ ಸಿಲಿಕೋಸಿಸ್ ಬರಬಹುದು.

1948ರ ಕಾರ್ಖಾನೆ ಕಾಯ್ದೆ ಪಾದರಸದ ವಿಷ, ಸಿಲಿಕೋಸಿಸ್ ಮುಂತಾದವನ್ನು ಪಟ್ಟಿಮಾಡಿ, ಕಾರ್ಖಾನೆ ಕಾರ್ಮಿಕರಲ್ಲಿ ಇಂಥ ರೋಗ ಕಂಡ ವೈದ್ಯ ಮುಖ್ಯ ಇನ್‌ಸ್ಪೆಕ್ಟರಿಗೆ ವರದಿ ಮಾಡಬೇಕೆಂದು ವಿಧಿಸಿತು. ವೈದ್ಯನ ಕಣ್ಣು ಎಷ್ಟು ಮುಖ್ಯವೆಂಬುದಕ್ಕೆ ಕಾಸರಗೋಡಿನ ಪಡ್ರೆ ಸಾಕ್ಷಿ: ಗೇರುತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದ ಊರಿನಲ್ಲಿ ರೋಗಗಳ ವಿಚಿತ್ರ ಸಾಲನ್ನು ಮೊದಲು ಗಮನಿಸಿದವರಲ್ಲಿ ಸ್ಥಳೀಯ ವೈದ್ಯ ವೈ. ಎಸ್. ಮೋಹನಕುಮಾರ್ ಒಬ್ಬರು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಕೀಟನಾಶಕವನ್ನು ತಡೆಯಿತು.

ರೋಗಿಯನ್ನು ‘ನಿನ್ನ ಕಸುಬು ಯಾವುದು’ ಎಂದು ಕೇಳಬೇಕೆಂದು ಇಟಲಿಯ ವೈದ್ಯ ರಾಮಾಜಿನಿ 1700ರಲ್ಲೇ ಬರೆದ. ಕಾರವಾರದ ವೈದ್ಯಕೀಯ ಕಾಲೇಜಿನಿಂದ ಹಿಡಿದು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ, ರೋಗಿಯ ಚೀಟಿಯಲ್ಲಿ ವಯಸ್ಸಿನ ಪಕ್ಕ ಕಸುಬು, ದುಡಿದ ಜಾಗ, ದುಡಿದ ವರ್ಷಗಳನ್ನೂ ಬರೆಯುವುದು ಇಂದಿನಿಂದಲೇ ಆರಂಭವಾಗಬೇಕು.